ಟೆಸ್ಟ್ ಓಡುವಾಗ ಬೇರೆ ಯಾವ ಸ್ಕ್ರಿಪ್ಟ್ ಓಡಿತು? ನಾಲ್ಕು ದಾರಿ ಹಿಡಿದು ನೋಡಿದೆ

ಟೆಸ್ಟ್‌ಗಳೆಲ್ಲ ಹಸಿರಾಗಿದ್ದವು. ಆದರೆ ಟೆಸ್ಟ್ ಮುಗಿದ ಸ್ವಲ್ಪ ಹೊತ್ತಿಗೆ ತಂಡದ ಎಲ್ಲರಿಗೂ "ಬ್ಯಾಕಪ್ ಮುಗಿಯಿತು" ಅಂತ ಒಂದು ಮೇಲ್ ಬಂತು. ಅವತ್ತು ಯಾರೂ ಬ್ಯಾಕಪ್ ಮಾಡಿರಲಿಲ್ಲ. ಮಾಡಿದ್ದು ನನ್ನ ಟೆಸ್ಟ್.

ಹುಡುಕಿದಾಗ ಕಥೆ ಹೀಗಿತ್ತು. ನಮ್ಮ ಪೈಥಾನ್ ಫಂಕ್ಷನ್ ಒಂದು ಶೆಲ್ ಸ್ಕ್ರಿಪ್ಟ್ ಓಡಿಸುತ್ತಿತ್ತು. ಆ ಶೆಲ್ ಸ್ಕ್ರಿಪ್ಟ್ ತನ್ನ ಕೊನೆಯ ಸಾಲಿನಲ್ಲಿ ಇನ್ನೊಂದು ಪೈಥಾನ್ ಸ್ಕ್ರಿಪ್ಟ್ ಓಡಿಸುತ್ತಿತ್ತು. ಮೇಲ್ ಕಳಿಸುತ್ತಿದ್ದದ್ದು ಅದು. ಟೆಸ್ಟ್‌ನಲ್ಲಿ ಮೇಲ್ ಕಳಿಸುವ ಫಂಕ್ಷನ್ನನ್ನು ಮಾಕ್ ಮಾಡಿದ್ದೆವು (ಅಸಲಿಯ ಜಾಗದಲ್ಲಿ ನಕಲಿ ಇಟ್ಟಿದ್ದೆವು), ನಿಜ. ಆದರೆ ಮಾಕ್ ಇದ್ದದ್ದು ಟೆಸ್ಟ್ ಓಡುವ ಪ್ರೊಸೆಸ್‌ನ ಒಳಗೆ ಮಾತ್ರ. ಮೇಲ್ ಹೋದದ್ದು ಅದರ ಮೊಮ್ಮಗು ಪ್ರೊಸೆಸ್‌ನಿಂದ, ಅಂದರೆ ಅದು ಶುರುಮಾಡಿದ ಚೈಲ್ಡ್ ಪ್ರೊಸೆಸ್ ಮತ್ತೆ ಶುರುಮಾಡಿದ ಇನ್ನೊಂದರಿಂದ. ಅಲ್ಲಿಗೆ ಮಾಕ್ ತಲುಪುವುದೇ ಇಲ್ಲ.

ಆಮೇಲೆ ಒಂದು ಸಣ್ಣ ಪ್ರಯೋಗ ಮಾಡಿದೆ. ಹೊರಗಿನ ಸ್ಕ್ರಿಪ್ಟ್‌ಗಳನ್ನು ಬೇರೆಬೇರೆ ರೀತಿ ಓಡಿಸುವ ಒಂದು ಕೋಡ್ ಬರೆದೆ. ಸಬ್‌ಪ್ರೊಸೆಸ್ ಮಾಡ್ಯೂಲ್‌ನ ರನ್ ಒಂದು. ಓಎಸ್ ಮಾಡ್ಯೂಲ್‌ನ ಸಿಸ್ಟಮ್ ಇನ್ನೊಂದು. ಶೆಲ್ ಮೂಲಕ ಪೈಪ್ ಹಾಕಿದ ಎರಡು ಕಮಾಂಡ್. ಪೂರ್ತಿ ಪಾಥ್ (ಫೈಲ್ ಇರುವ ಜಾಗದ ಪೂರ್ತಿ ವಿಳಾಸ) ಕೊಟ್ಟು ಓಡಿಸಿದ್ದು. ಶೆಲ್ ಸ್ಕ್ರಿಪ್ಟ್ ಒಳಗಿಂದ ಪೈಥಾನ್. ಶೆಲ್ ಸ್ಕ್ರಿಪ್ಟ್ ಒಳಗೆ ಸೋರ್ಸ್ ಮಾಡಿದ ಇನ್ನೊಂದು ಶೆಲ್ ಸ್ಕ್ರಿಪ್ಟ್. ಕೊನೆಗೆ, ಟೆಸ್ಟ್ ಮುಗಿದ ಮೇಲೂ ಹಿನ್ನೆಲೆಯಲ್ಲಿ ಓಡುತ್ತಲೇ ಇರುವ ಒಂದು. ಇದರ ಮೇಲೆ ಒಂದೊಂದೇ ದಾರಿ ಹಾಕಿ, ಯಾವುದು ಎಷ್ಟು ಕಂಡುಹಿಡಿಯುತ್ತದೆ ಅಂತ ನೋಡಿದೆ. ಎಲ್ಲವೂ ಲಿನಕ್ಸ್ ಮೇಲೆ.

ಮೊದಲು ಮಾಕ್

ಎಲ್ಲರ ಕೈ ಮೊದಲು ಹೋಗುವುದು ಇಲ್ಲಿಗೇ, ಅಲ್ವಾ? ಯುನಿಟ್‌ಟೆಸ್ಟ್‌ನ ಮಾಕ್ 2012ರಲ್ಲಿ ಬಂದ ಪೈಥಾನ್ 3.3ರಿಂದ ಭಾಷೆಯ ಜೊತೆಗೇ ಸಿಗುತ್ತದೆ. ಹೊಸದಾಗಿ ಏನೂ ಹಾಕಿಕೊಳ್ಳಬೇಕಾಗಿಲ್ಲ.

ಸಬ್‌ಪ್ರೊಸೆಸ್‌ನ ರನ್ ಮೇಲೆ ಪ್ಯಾಚ್ ಹಾಕಿದೆ, ಅಂದರೆ ಅದರ ಜಾಗದಲ್ಲಿ ಮಾಕ್ ಇಟ್ಟೆ. ಮಾಡ್ಯೂಲ್ ಹೆಸರು ಸೇರಿಸಿ ಕರೆದ ಕಡೆ ಸಿಕ್ಕಿತು. ರನ್ ಎಂಬ ಹೆಸರನ್ನಷ್ಟೇ ನೇರವಾಗಿ ಇಂಪೋರ್ಟ್ ಮಾಡಿಕೊಂಡಿದ್ದ ಫೈಲ್‌ನಲ್ಲಿ ಸಿಗಲಿಲ್ಲ. ಆ ಫೈಲ್ ತನ್ನ ಕೈಯಲ್ಲಿ ಹಳೆಯ ರನ್ ಅನ್ನೇ ಹಿಡಿದುಕೊಂಡಿರುತ್ತದೆ. ಇದಕ್ಕೆ ಒಂದು ಒಳ್ಳೆಯ ಉಪಾಯ ಇದೆ. ರನ್ ಬಿಟ್ಟು ಅದರ ಕೆಳಗಿರುವ ಪೋಪೆನ್ ಮೇಲೆ ಪ್ಯಾಚ್ ಹಾಕಿ. ರನ್ ಒಳಗಿಂದ ಪೋಪೆನ್ನನ್ನೇ ಕರೆಯುತ್ತದೆ, ಅದೂ ಸಬ್‌ಪ್ರೊಸೆಸ್ ಮಾಡ್ಯೂಲ್‌ನಲ್ಲೇ ಹುಡುಕಿ ಕರೆಯುತ್ತದೆ. ಹಾಗಾಗಿ ಯಾರು ಹೇಗೆ ರನ್ ಇಂಪೋರ್ಟ್ ಮಾಡಿಕೊಂಡಿದ್ದರೂ ಸಿಕ್ಕಿಬೀಳುತ್ತದೆ. ಆದರೆ ಓಎಸ್‌ನ ಸಿಸ್ಟಮ್ ಈ ದಾರಿಯಲ್ಲಿ ಬರುವುದೇ ಇಲ್ಲ. ಅದು ತಪ್ಪಿಸಿಕೊಂಡಿತು.

ಟೆಸ್ಟ್ ಓಡಿಸಲು ಪೈಟೆಸ್ಟ್ ಬಳಸುವವರಿಗೆ ಪೈಟೆಸ್ಟ್-ಸಬ್‌ಪ್ರೊಸೆಸ್ ಅಂತ ಒಂದು ಪ್ಲಗಿನ್ ಇದೆ. ಮೊದಲೇ ನೋಂದಾಯಿಸದ ಕಮಾಂಡ್ ಬಂದರೆ ಅದು ಎರರ್ ಎಸೆಯುತ್ತದೆ. ಕೈಯಿಂದ ಬರೆದ ಮಾಕ್‌ಗಿಂತ ಇದು ನನಗೆ ಜಾಸ್ತಿ ಹಿಡಿಸಿತು. ಗೊತ್ತಿಲ್ಲದ್ದು ಬಂದರೆ ಸುಮ್ಮನಿರದೆ ಕೂಗುತ್ತದೆ.

ಆದರೂ ಮಾಕ್‌ನ ಕೆಲಸ ಬೇರೆ. "ಈ ಕಮಾಂಡ್ ಸೋತರೆ ನನ್ನ ಕೋಡ್ ಏನು ಮಾಡುತ್ತದೆ?" ಎಂಬ ಪ್ರಶ್ನೆಗೆ ಅದಕ್ಕಿಂತ ಒಳ್ಳೆಯದು ಇಲ್ಲ. ಅಲ್ಲಿ ಕಮಾಂಡ್ ಯಾವುದು ಅಂತ ನಮಗೆ ಮೊದಲೇ ಗೊತ್ತಿರುತ್ತದೆ. ಗೊತ್ತಿಲ್ಲದ್ದನ್ನು ಹುಡುಕಲು ಹೊರಟವರಿಗೆ ಅದು ಸಾಲುವುದಿಲ್ಲ.

ಆಡಿಟ್ ಹುಕ್

ಇದು ನನಗೆ ತುಂಬ ಇಷ್ಟವಾದದ್ದು. 2019ರ ಅಕ್ಟೋಬರ್‌ನಲ್ಲಿ ಬಂದ ಪೈಥಾನ್ 3.8ರಲ್ಲಿ ಸೇರಿತು, ಪೈಥಾನ್ ಬದಲಾವಣೆಯ ಪ್ರಸ್ತಾವ ಪೆಪ್ 578ರ ಪ್ರಕಾರ. ಸಿಸ್ ಮಾಡ್ಯೂಲ್‌ನ ಆಡ್‌ಆಡಿಟ್‌ಹುಕ್‌ಗೆ ಒಂದು ಫಂಕ್ಷನ್ ಕೊಟ್ಟರೆ ಸಾಕು. ಇಂಟರ್‌ಪ್ರಿಟರ್ ಮುಖ್ಯವಾದ ಏನನ್ನಾದರೂ ಮಾಡುವ ಮೊದಲು ಆ ಫಂಕ್ಷನ್ನನ್ನು ಕರೆದು ಹೇಳುತ್ತದೆ. ಪೋಪೆನ್‌ಗೆ ಒಂದು ಈವೆಂಟ್ ಇದೆ. ಅದರಲ್ಲಿ ಪ್ರೋಗ್ರಾಂ, ಆರ್ಗ್ಯುಮೆಂಟ್‌ಗಳು, ಫೋಲ್ಡರ್, ಎನ್ವಿರಾನ್‌ಮೆಂಟ್ (ಪ್ರೊಸೆಸ್ ಜೊತೆಗೆ ಹೋಗುವ ಸೆಟ್ಟಿಂಗ್‌ಗಳು) ನಾಲ್ಕೂ ಸಿಗುತ್ತವೆ. ಓಎಸ್‌ನ ಸಿಸ್ಟಮ್, ಎಕ್ಸೆಕ್, ಸ್ಪಾನ್, ಪೋಸಿಕ್ಸ್ ಸ್ಪಾನ್, ಫೋರ್ಕ್ ಎಲ್ಲಕ್ಕೂ ಒಂದೊಂದು ಈವೆಂಟ್ ಇದೆ. ಯಾರು ಯಾವ ಹೆಸರಲ್ಲಿ ಇಂಪೋರ್ಟ್ ಮಾಡಿಕೊಂಡರೂ ವ್ಯತ್ಯಾಸ ಇಲ್ಲ.

ಹುಕ್ ಒಳಗೆ ಎಕ್ಸೆಪ್ಷನ್ ಎಸೆದರೆ ಆ ಕೆಲಸ ಅಲ್ಲೇ ನಿಲ್ಲುತ್ತದೆ. ಸ್ಕ್ರಿಪ್ಟ್ ಓಡುವುದೇ ಇಲ್ಲ. ಹಾಗಾಗಿ ಇದು ಕಾವಲು ಕಾಯುವುದಷ್ಟೇ ಅಲ್ಲ, ಬಾಗಿಲನ್ನೂ ಮುಚ್ಚುತ್ತದೆ.

ಬಳಸುವಾಗ ಮೂರು ವಿಷಯ ಕಲಿತೆ. ಹುಕ್ ಒಮ್ಮೆ ಹಾಕಿದರೆ ತೆಗೆಯಲು ಆಗುವುದಿಲ್ಲ, ಅದನ್ನು ಬೇಕೆಂದೇ ಹಾಗೆ ಮಾಡಿದ್ದಾರೆ. ಆದ್ದರಿಂದ ಪ್ರತಿ ಟೆಸ್ಟ್‌ಗೂ ಹೊಸ ಹುಕ್ ಹಾಕಬೇಡಿ. ಪೈಟೆಸ್ಟ್‌ನ ಕಾನ್‌ಫ್‌ಟೆಸ್ಟ್ ಫೈಲ್‌ನಲ್ಲಿ ಒಂದೇ ಸಲ ಹಾಕಿ, ಆನ್-ಆಫ್ ಮಾಡಲು ಒಂದು ಫ್ಲಾಗ್ ಇಟ್ಟುಕೊಳ್ಳಿ. ಎರಡನೆಯದು, ಫೈಲ್ ತೆರೆದರೂ, ಇಂಪೋರ್ಟ್ ಮಾಡಿದರೂ ಇದೇ ಹುಕ್‌ಗೆ ಕರೆ ಬರುತ್ತದೆ. ಮೊದಲ ಸಾಲಿನಲ್ಲೇ ಈವೆಂಟ್ ಹೆಸರು ನೋಡಿ, ಬೇಡದ್ದಾದರೆ ವಾಪಸ್ ಬಂದುಬಿಡಬೇಕು. ಮೂರನೆಯದು ನನ್ನ ಅರ್ಧ ದಿನ ತಿಂದದ್ದು. ಹುಕ್ ಎಸೆದ ಎಕ್ಸೆಪ್ಷನ್ನನ್ನು ನಮ್ಮದೇ ಕೋಡ್‌ನ ಒಂದು ಟ್ರೈ-ಎಕ್ಸೆಪ್ಟ್ ನುಂಗಿಬಿಟ್ಟಿತ್ತು. ಸ್ಕ್ರಿಪ್ಟ್ ಓಡಲಿಲ್ಲ, ಆದರೆ ಟೆಸ್ಟ್ ಮಾತ್ರ ಪಾಸಾಯಿತು. ಈಗ ಎಸೆಯುವುದರ ಜೊತೆಗೆ ಒಂದು ಲಿಸ್ಟ್‌ನಲ್ಲೂ ಬರೆದಿಡುತ್ತೇನೆ. ಟೆಸ್ಟ್ ಮುಗಿದ ಮೇಲೆ ಲಿಸ್ಟ್ ಖಾಲಿ ಇದೆಯಾ ಅಂತ ನೋಡುತ್ತೇನೆ.

ಇನ್ನು ಇದಕ್ಕೆ ಕಾಣದಿರುವುದು. ಶೆಲ್ ಮೂಲಕ ಓಡಿಸಿದರೆ ಹುಕ್‌ಗೆ ಕಾಣುವುದು ಶೆಲ್ಲಿನ ಹೆಸರು ಮತ್ತು ಉದ್ದದ ಒಂದು ಸ್ಟ್ರಿಂಗ್. ಅದರೊಳಗಿನ ಎರಡು ಕಮಾಂಡ್ ಬೇರೆಬೇರೆಯಾಗಿ ಕಾಣುವುದಿಲ್ಲ. ಸಿ ಭಾಷೆಯ ಎಕ್ಸ್‌ಟೆನ್ಷನ್ ನೇರವಾಗಿ ಏನಾದರೂ ಓಡಿಸಿದರೆ ಅದೂ ಕಾಣುವುದಿಲ್ಲ. ಚೈಲ್ಡ್ ಪ್ರೊಸೆಸ್‌ನಲ್ಲಿ ಹೊಸ ಪ್ರೋಗ್ರಾಂ ಶುರುವಾದರೆ ಹುಕ್ ಅಲ್ಲಿಗೆ ದಾಟುವುದಿಲ್ಲ. ಅಂದರೆ ನನ್ನ ಮೇಲ್ ಪ್ರಕರಣದಲ್ಲಿ ಇದು ಶೆಲ್ ಸ್ಕ್ರಿಪ್ಟನ್ನು ಹಿಡಿಯುತ್ತಿತ್ತು, ಮೇಲ್ ಸ್ಕ್ರಿಪ್ಟನ್ನು ತಾನಾಗಿ ಹಿಡಿಯುತ್ತಿರಲಿಲ್ಲ.

ಅರ್ಧ ಪರಿಹಾರ ಇದೆ. ಸೈಟ್‌ಕಸ್ಟಮೈಸ್ ಎಂಬ ಹೆಸರಿನ ಫೈಲ್ ಒಂದನ್ನು ಪೈಥಾನ್‌ಪಾಥ್‌ನಲ್ಲಿ (ಪೈಥಾನ್ ಮಾಡ್ಯೂಲ್ ಹುಡುಕುವ ಫೋಲ್ಡರ್‌ಗಳನ್ನು ಹೇಳುವ ಎನ್ವಿರಾನ್‌ಮೆಂಟ್ ವೇರಿಯಬಲ್) ಇಟ್ಟರೆ ಪ್ರತಿ ಪೈಥಾನ್ ಶುರುವಾಗುವಾಗಲೂ ಅದು ಓಡುತ್ತದೆ. ಅಲ್ಲೇ ಹುಕ್ ಹಾಕಿಬಿಡಬಹುದು. ನಡುವೆ ಶೆಲ್ ಇದ್ದರೂ ಎನ್ವಿರಾನ್‌ಮೆಂಟ್ ಕೆಳಗೆ ಇಳಿಯುತ್ತದೆ, ಹಾಗಾಗಿ ಮೊಮ್ಮಗು ಪೈಥಾನ್ ಕೂಡ ಸಿಗುತ್ತದೆ. ಪೈಥಾನ್ 3.10ರಿಂದ ಸಿಸ್ ಮಾಡ್ಯೂಲ್‌ನಲ್ಲಿ ಆರಿಗ್‌ಆರ್ಗ್‌ವಿ ಇದೆ. ಅದನ್ನು ಬರೆದಿಟ್ಟರೆ ಆ ಪೈಥಾನ್ ಯಾವ ಸಾಲಿನಿಂದ ಶುರುವಾಯಿತು ಅಂತ ಪೂರ್ತಿ ತಿಳಿಯುತ್ತದೆ. ಪೈಥಾನನ್ನು ಐಸೊಲೇಟೆಡ್ ಮೋಡ್‌ನಲ್ಲಿ (ಇಂಥ ವೇರಿಯಬಲ್‌ಗಳನ್ನು ನೋಡದ ರೀತಿ) ಓಡಿಸಿದವರ ಮುಂದೆ ಈ ಉಪಾಯ ನಡೆಯುವುದಿಲ್ಲ.

ಪಾಥ್‌ನಲ್ಲಿ ನಕಲಿ ಕಮಾಂಡ್

ಒಂದು ತಾತ್ಕಾಲಿಕ ಫೋಲ್ಡರ್ ಮಾಡಿ, ಅದರಲ್ಲಿ ಗಿಟ್, ಟಾರ್, ಮೇಲ್ ಹೀಗೆ ಹೆಸರಿಟ್ಟ ಪುಟ್ಟ ಸ್ಕ್ರಿಪ್ಟ್‌ಗಳನ್ನು ಇಟ್ಟು, ಆ ಫೋಲ್ಡರನ್ನು ಪಾಥ್‌ನ (ಕಮಾಂಡ್‌ಗಳನ್ನು ಯಾವ ಫೋಲ್ಡರ್‌ಗಳಲ್ಲಿ ಹುಡುಕಬೇಕು ಎಂಬ ಪಟ್ಟಿ) ಮೊದಲಿಗೆ ಸೇರಿಸುವುದು. ಪ್ರತಿ ನಕಲಿ ಸ್ಕ್ರಿಪ್ಟ್ ತನ್ನ ಹೆಸರು, ಆರ್ಗ್ಯುಮೆಂಟ್ ಬರೆದಿಟ್ಟು ಅಸಲಿಯನ್ನು ಓಡಿಸುತ್ತದೆ. ಹಳೆಯ ದಾರಿ, ಯಾವ ಭಾಷೆಗೂ ಆಗುತ್ತದೆ, ಮೊಮ್ಮಕ್ಕಳನ್ನೂ ಹಿಡಿಯುತ್ತದೆ.

ಇದರಲ್ಲಿ ಒಂದು ಚಂದದ ವಿಷಯ ಸಿಕ್ಕಿತು. ಪೈಟೆಸ್ಟ್ ಈಗ ಓಡುತ್ತಿರುವ ಟೆಸ್ಟ್‌ನ ಹೆಸರನ್ನು ಪೈಟೆಸ್ಟ್ ಕರೆಂಟ್ ಟೆಸ್ಟ್ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿ ಇಡುತ್ತದೆ. ಅದು ಚೈಲ್ಡ್‌ಗಳಿಗೂ ಹೋಗುತ್ತದೆ. ನಕಲಿ ಸ್ಕ್ರಿಪ್ಟ್ ಅದನ್ನೂ ಬರೆದಿಟ್ಟರೆ, ಯಾವ ಟೆಸ್ಟ್‌ನಿಂದ ಯಾವ ಕಮಾಂಡ್ ಹೊರಟಿತು ಅಂತ ಸಾಲು ಸಾಲಾಗಿ ಸಿಗುತ್ತದೆ. ಎಷ್ಟೇ ಆಳದ ಮೊಮ್ಮಗುವಾದರೂ ಸರಿ.

ಒಂದು ಎಚ್ಚರಿಕೆ. ನನ್ನ ಮೊದಲ ನಕಲಿ ಸ್ಕ್ರಿಪ್ಟ್ ಅಸಲಿ ಗಿಟ್ಟನ್ನು ಬರೀ ಹೆಸರಿನಿಂದ ಕರೆಯಿತು. ಪಾಥ್‌ನಲ್ಲಿ ಮೊದಲು ಸಿಕ್ಕಿದ್ದು ತಾನೇ. ತನ್ನನ್ನು ತಾನು ಕರೆಯುತ್ತಾ ನಿಲ್ಲದೆ ಓಡಿತು. ಅಸಲಿಯ ಪೂರ್ತಿ ಪಾಥನ್ನು ಮೊದಲೇ ಹುಡುಕಿ ಒಳಗೆ ಬರೆದಿಡಬೇಕು.

ತೊಂದರೆ ಏನೆಂದರೆ, ಹೆಸರು ಗೊತ್ತಿರುವ ಕಮಾಂಡ್‌ಗೆ ಮಾತ್ರ ನಕಲಿ ಮಾಡಲು ಆಗುತ್ತದೆ. ಇದನ್ನು ತಿರುಗಿಸಿ ಬಳಸಬಹುದು: ಪಾಥ್‌ನಲ್ಲಿ ಈ ಒಂದು ಫೋಲ್ಡರ್ ಬಿಟ್ಟು ಬೇರೇನೂ ಇರದಂತೆ ಮಾಡಿ. ಆಗ ಗೊತ್ತಿಲ್ಲದ ಕಮಾಂಡ್‌ಗೆ ಶೆಲ್ 127 ಎಂಬ ಎಕ್ಸಿಟ್ ಕೋಡ್ ಕೊಡುತ್ತದೆ. ಇಷ್ಟೆಲ್ಲ ಮಾಡಿದರೂ ಪೂರ್ತಿ ಪಾಥ್ ಕೊಟ್ಟು ಓಡಿಸಿದ್ದು ಪಾಥ್ ಕಡೆ ತಿರುಗಿಯೂ ನೋಡುವುದಿಲ್ಲ. ಪೈಥಾನ್ ಕೋಡ್‌ನಲ್ಲಿ ಇನ್ನೊಂದು ಪೈಥಾನ್ ಓಡಿಸುವಾಗ ಸಿಸ್‌ನ ಎಕ್ಸಿಕ್ಯೂಟಬಲ್ ಬಳಸುವುದು ಒಳ್ಳೆಯ ಅಭ್ಯಾಸ. ಅದೇ ಪೂರ್ತಿ ಪಾಥ್. ಅಂದರೆ ಚೆನ್ನಾಗಿ ಬರೆದ ಕೋಡೇ ಈ ಬಲೆಯಿಂದ ಸುಲಭವಾಗಿ ಜಾರಿಕೊಳ್ಳುತ್ತದೆ.

ಎಸ್‌ಟ್ರೇಸ್

ಹೊಸ ಪ್ರೋಗ್ರಾಂ ಶುರುವಾಗಬೇಕಾದರೆ ಕರ್ನಲ್‌ಗೆ ಎಕ್ಸೆಕ್‌ವಿಇ ಅಥವಾ ಎಕ್ಸೆಕ್‌ವಿಇಎಟಿ ಎಂಬ ಸಿಸ್ಟಮ್ ಕಾಲ್ (ಕರ್ನಲ್‌ಗೆ ಪ್ರೋಗ್ರಾಂ ಮಾಡುವ ಕೋರಿಕೆ) ಹೋಗಲೇಬೇಕು. ಪೈಥಾನ್ ಇರಲಿ, ಶೆಲ್ ಇರಲಿ, ಸಿ ಇರಲಿ. ಎಸ್‌ಟ್ರೇಸ್ ಎಂಬ ಟೂಲ್ ಕೂತು ನೋಡುವುದು ಅಲ್ಲೇ. ಎಫ್ ಆಯ್ಕೆ ಕೊಟ್ಟರೆ ಚೈಲ್ಡ್‌ಗಳ ಹಿಂದೆಯೂ ಹೋಗುತ್ತದೆ. ಎಕ್ಸೆಕ್‌ವಿಇ, ಎಕ್ಸೆಕ್‌ವಿಇಎಟಿ ಎರಡನ್ನೇ ತೋರಿಸು ಅಂತ ಹೇಳಿ ಪೂರ್ತಿ ಟೆಸ್ಟನ್ನು ಅದರಡಿ ಓಡಿಸಿದೆ. ಪೈಪ್‌ನ ಎರಡೂ ಕಮಾಂಡ್, ಪೂರ್ತಿ ಪಾಥ್‌ನದು, ಶೆಲ್ ಒಳಗಿನ ಪೈಥಾನ್, ಎಲ್ಲವೂ ಬಂತು.

ಹಿನ್ನೆಲೆಯಲ್ಲಿ ಉಳಿಯುವ ಪ್ರೊಸೆಸ್ ಸಿಕ್ಕಿದ ರೀತಿ ನನಗೆ ಬಹಳ ಖುಷಿ ಕೊಟ್ಟಿತು. ಟೆಸ್ಟ್ ಮುಗಿದ ಮೇಲೂ ಎಸ್‌ಟ್ರೇಸ್ ಮುಗಿಯಲೇ ಇಲ್ಲ. ಅದು ಹಿಂಬಾಲಿಸುತ್ತಿರುವ ಎಲ್ಲ ಪ್ರೊಸೆಸ್ ಮುಗಿಯುವ ತನಕ ಕಾಯುತ್ತದೆ. ಪ್ರಯೋಗದ ಕೋಡ್‌ನಲ್ಲಿ ಇದು ನಿರೀಕ್ಷಿಸಿದ್ದೇ. ನಂತರ ನಮ್ಮ ನಿಜವಾದ ಪ್ರಾಜೆಕ್ಟ್ ಮೇಲೆ ಓಡಿಸಿದಾಗಲೂ ಹಾಗೇ ನಿಂತಿತು! ನಮಗೆ ಗೊತ್ತಿಲ್ಲದೆ ಒಂದು ಲಾಗ್ ನೋಡುವ ಸ್ಕ್ರಿಪ್ಟ್ ಪ್ರತಿ ಟೆಸ್ಟ್ ಆದ ಮೇಲೂ ಉಳಿದುಕೊಳ್ಳುತ್ತಿತ್ತು.

ಔಟ್‌ಪುಟ್ ಓದಲು ಸ್ವಲ್ಪ ರೂಢಿ ಬೇಕು. ಪಾಥ್‌ನ ಒಂದೊಂದೇ ಫೋಲ್ಡರ್ ಹುಡುಕುವಾಗ ಸೋತ ಎಕ್ಸೆಕ್‌ವಿಇ ಸಾಲುಗಳು ಬಹಳ ಬರುತ್ತವೆ. ಕೊನೆಯಲ್ಲಿ ಸೊನ್ನೆ ಬಂದ ಸಾಲುಗಳನ್ನು ಮಾತ್ರ ಉಳಿಸಿಕೊಳ್ಳಿ. ಶೆಬ್ಯಾಂಗ್ (ಯಾವ ಇಂಟರ್‌ಪ್ರಿಟರ್‌ನಿಂದ ಓಡಿಸಬೇಕು ಅಂತ ಹೇಳುವ ಮೊದಲ ಸಾಲು) ಇರುವ ಸ್ಕ್ರಿಪ್ಟ್‌ಗೆ ಸ್ಕ್ರಿಪ್ಟ್ ಹೆಸರಿನ ಒಂದೇ ಸಾಲು ಬರುತ್ತದೆ, ಇಂಟರ್‌ಪ್ರಿಟರನ್ನು ಕರ್ನಲ್ ಒಳಗೇ ಹುಡುಕಿಕೊಳ್ಳುತ್ತದೆ. ಶೆಬ್ಯಾಂಗ್‌ನಲ್ಲಿ ಎನ್ವ್ ಬಳಸಿದ್ದರೆ ಮಾತ್ರ ಇನ್ನೊಂದು ಸಾಲು ಸೇರುತ್ತದೆ. ಆರ್ಗ್ಯುಮೆಂಟ್‌ಗಳನ್ನು ಮೊದಲ 32 ಅಕ್ಷರಕ್ಕೆ ಕತ್ತರಿಸಿಬಿಡುತ್ತದೆ, ಎಸ್ ಆಯ್ಕೆ ಕೊಟ್ಟು ಅದನ್ನು ಹೆಚ್ಚಿಸಿಕೊಳ್ಳಿ.

ಬೆಲೆಯೂ ಇದೆ. ಟೆಸ್ಟ್‌ಗಳು ಕಣ್ಣಿಗೆ ಕಾಣುವಷ್ಟು ನಿಧಾನವಾಗುತ್ತವೆ, ಯಾಕೆಂದರೆ ಬೇಡದ ಸಿಸ್ಟಮ್ ಕಾಲ್‌ಗಳಿಗೂ ಪ್ರೊಸೆಸ್ ನಿಂತು ಮುಂದೆ ಹೋಗುತ್ತದೆ. 2019ರ ಎಸ್‌ಟ್ರೇಸ್ 5.3ರಲ್ಲಿ ಬಂದ ಸೆಕ್‌ಕಾಂಪ್-ಬಿಪಿಎಫ್ ಆಯ್ಕೆ ಕೊಟ್ಟರೆ ಬೇಕಾದ ಕಾಲ್‌ಗಳಲ್ಲಿ ಮಾತ್ರ ನಿಲ್ಲುತ್ತದೆ, ಬಹಳ ಹಗುರವಾಗುತ್ತದೆ. ಕೆಲವು ಕಂಟೇನರ್‌ಗಳಲ್ಲಿ ಪಿಟ್ರೇಸ್‌ಗೆ (ಎಸ್‌ಟ್ರೇಸ್ ನೆಚ್ಚಿರುವ ಕರ್ನಲ್ ಸೌಲಭ್ಯ) ಅನುಮತಿ ಇರುವುದಿಲ್ಲ. ಸಾಮಾನ್ಯ ಯೂಸರ್ ಆಗಿ ಓಡಿಸಿದರೆ ಇದರಡಿ ಸುಡೋ ಕೆಲಸ ಮಾಡುವುದಿಲ್ಲ. ಮ್ಯಾಕ್‌ನಲ್ಲಂತೂ ಎಸ್‌ಟ್ರೇಸೇ ಇಲ್ಲ.

ಇಷ್ಟಾದರೂ ಒಂದು ತಪ್ಪಿಸಿಕೊಂಡಿತು: ಸೋರ್ಸ್ ಮಾಡಿದ ಸ್ಕ್ರಿಪ್ಟ್. ಅಲ್ಲಿ ಹೊಸ ಪ್ರೋಗ್ರಾಂ ಶುರುವಾಗುವುದೇ ಇಲ್ಲ, ಇದ್ದ ಶೆಲ್ಲೇ ಫೈಲ್ ತೆರೆದು ಓದುತ್ತದೆ. ಓಪನ್‌ಎಟಿ ಕಾಲನ್ನೂ ಸೇರಿಸಿ, ಶೆಲ್ ಫೈಲ್‌ಗಳ ಹೆಸರು ಹುಡುಕಿದಾಗ ಸಿಕ್ಕಿತು.

ಬೇಗ ಬಿಟ್ಟವು

ಪಿಎಸ್‌ಯುಟಿಲ್ ಎಂಬ ಪೈಥಾನ್ ಲೈಬ್ರರಿಯಿಂದ ಆಗಾಗ ಚೈಲ್ಡ್‌ಗಳ ಪಟ್ಟಿ ನೋಡುವುದನ್ನೂ ಮಾಡಿದೆ. ಎರಡು ನೋಟದ ನಡುವೆ ಹುಟ್ಟಿ ಸತ್ತ ಪ್ರೊಸೆಸ್ ಕಾಣುವುದಿಲ್ಲ, ಸ್ಕ್ರಿಪ್ಟ್‌ಗಳು ಹೆಚ್ಚಾಗಿ ಅಂಥವೇ. ಎಲ್‌ಡಿ ಪ್ರೀಲೋಡ್‌ನಿಂದ ಸಿ ಲೈಬ್ರರಿಯ ಫಂಕ್ಷನ್ ಬದಲಿಸುವುದು ಸ್ಟ್ಯಾಟಿಕ್ ಆಗಿ ಲಿಂಕ್ ಆದ (ಲೈಬ್ರರಿಯನ್ನು ತಮ್ಮೊಳಗೇ ಸೇರಿಸಿಕೊಂಡ) ಪ್ರೋಗ್ರಾಂಗಳ ಹತ್ತಿರ ನಡೆಯುವುದಿಲ್ಲ. ಹೊಸದಾಗಿ ಶುರುವಾಗುವ ಪ್ರೋಗ್ರಾಂಗಳನ್ನು ತೋರಿಸುವ ಎಕ್ಸೆಕ್‌ಸ್ನೂಪ್ ಚೆನ್ನಾಗಿದೆ, ಆದರೆ ರೂಟ್ ಬೇಕು, ಮತ್ತು ಇಡೀ ಮಷೀನಿನ ಪ್ರೊಸೆಸ್‌ಗಳನ್ನೆಲ್ಲ ತೋರಿಸುತ್ತದೆ.

ನಾನು ಇಟ್ಟುಕೊಂಡದ್ದು

ಆಡಿಟ್ ಹುಕ್ ಎಲ್ಲ ಟೆಸ್ಟ್‌ಗಳಲ್ಲೂ ಯಾವಾಗಲೂ ಆನ್. ಹೊರಗಿನ ಏನನ್ನಾದರೂ ಓಡಿಸುವ ಹಕ್ಕು ಬೇಕಾದ ಟೆಸ್ಟ್ ಒಂದು ಮಾರ್ಕರ್ (ಪೈಟೆಸ್ಟ್‌ನಲ್ಲಿ ಟೆಸ್ಟ್‌ಗೆ ಹಾಕುವ ಗುರುತು) ಹಾಕಿಕೊಂಡು ಕೇಳಬೇಕು. ಮಾರ್ಕರ್ ಇದ್ದ ಟೆಸ್ಟ್‌ಗಳನ್ನು ಮಾತ್ರ ರಾತ್ರಿಯ ಬಿಲ್ಡ್‌ನಲ್ಲಿ ಎಸ್‌ಟ್ರೇಸ್ ಅಡಿ ಓಡಿಸುತ್ತೇನೆ. ಹುಕ್ ಕುರುಡಾಗುವುದು ಹೆಚ್ಚಾಗಿ ಅನುಮತಿ ಕೊಟ್ಟ ಬಾಗಿಲಿನ ಆಚೆಗೇ ಅಲ್ಲವೇ. ಓಡಿದ ಪ್ರೋಗ್ರಾಂಗಳ ಪಟ್ಟಿಯನ್ನು ರೆಪೊಸಿಟರಿಯಲ್ಲೇ ಒಂದು ಫೈಲಾಗಿ ಇಟ್ಟಿದ್ದೇನೆ. ಹೊಸ ಹೆಸರು ಬಂದರೆ ಬಿಲ್ಡ್ ಸೋಲುತ್ತದೆ, ಸೇರಿಸಬೇಕಾದರೆ ಯಾರಾದರೂ ರಿವ್ಯೂ ಮಾಡಬೇಕು. ಪಾಥ್‌ನ ನಕಲಿ ಕಮಾಂಡ್‌ಗಳು ಬರೀ ಶೆಲ್‌ನಲ್ಲಿ ಬರೆದ ಒಂದು ಹಳೆಯ ಭಾಗಕ್ಕೆ ಉಳಿದಿವೆ. ಮೇಲ್ ಕಳಿಸುವ ಆ ಸ್ಕ್ರಿಪ್ಟ್ ಈಗ ಆ ಪಟ್ಟಿಯಲ್ಲಿ ಇಲ್ಲ.