ಆಫೀಸ್ ರಾಜಕೀಯದ ಕೋರ್ಸ್: ಅರ್ಧಕ್ಕೆ ಮಾತ್ರ ಫುಲ್ ಮಾರ್ಕ್ಸ್

ಆಫೀಸ್ ರಾಜಕೀಯದ ಬಗ್ಗೆ ಒಂದು ಆನ್‌ಲೈನ್ ಕೋರ್ಸ್ ಮುಗಿಸಿದೆ. ಐದಕ್ಕೆ ಮೂರು ಸ್ಟಾರ್. ಮೊದಲರ್ಧ ನಿಜಕ್ಕೂ ಚೆನ್ನಾಗಿದೆ. 1959ರಲ್ಲಿ ಫ್ರೆಂಚ್ ಮತ್ತು ರೇವನ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಗುರುತಿಸಿದ ಐದು ಬಗೆಯ ಅಧಿಕಾರ, ಅಂದ್ರೆ ಹುದ್ದೆ, ಬಹುಮಾನ, ಶಿಕ್ಷೆ, ಪರಿಣತಿ, ಜನರ ಅಭಿಮಾನ, ಇವನ್ನು ಬಿಡಿಸಿ ಹೇಳುವಾಗ ನನಗೆ ತಟ್ಟನೆ ನೆನಪಾಗಿದ್ದು ನಮ್ಮ ಹಳೆಯ ಅಕೌಂಟೆಂಟ್. ಹುದ್ದೆ ಚಿಕ್ಕದು, ಆದರೆ ಆ ಎಕ್ಸೆಲ್ ಶೀಟ್ ಅವರೊಬ್ಬರಿಗೇ ಅರ್ಥವಾಗೋದು, ಹಾಗಾಗಿ ಮ್ಯಾನೇಜರೇ ಅವರ ಟೇಬಲ್ ಹತ್ತಿರ ಬಂದು ನಿಲ್ಲುತ್ತಿದ್ದರು. ಆಮೇಲೆ ಬರೀ ಬೋರು. ಬಾಸನ್ನು ಮೆಚ್ಚಿಸೋದು ಹೇಗೆ ಅಂತ ಮೂರು ವಿಡಿಯೋ, ಇದಕ್ಕೂ ಕೋರ್ಸ್ ಬೇಕಾ? ನಾನು ಮಾಡಿದ ಕೆಲಸವನ್ನು ಇನ್ನೊಬ್ಬರು ತಮ್ಮದು ಅಂತ ಮೀಟಿಂಗಲ್ಲಿ ತೋರಿಸಿದರೆ ಏನು ಮಾಡಬೇಕು ಅಂತ ಕೇಳಿದೆ. ‘ಪಾಸಿಟಿವ್ ಆಗಿರಿ’ ಅಂತ ಉತ್ತರ ಬಂತು. ಸುಮ್ನೆ ಲ್ಯಾಪ್‌ಟಾಪ್ ಮುಚ್ಚಿಟ್ಟೆ.