ಚಿಲ್ಲರೆ ಖರ್ಚಿಗೊಂದು ಬೇರೆ ಜೇಬು: ಯುಪಿಐ ಲೈಟ್

ಕೊಡಬೇಕಾದ ಚಿಲ್ಲರೆಯನ್ನು ಟಿಕೆಟ್ಟಿನ ಹಿಂಬದಿಯಲ್ಲಿ ಬರೆದುಕೊಡುತ್ತಿದ್ದ ಬಸ್ ನಿರ್ವಾಹಕರನ್ನು, ಅದನ್ನು ಕೇಳಲು ಮರೆತು ಇಳಿದುಬಿಟ್ಟ ದಿನಗಳನ್ನು ನನ್ನ ವಯಸ್ಸಿನವರು ಮರೆಯಲಾರರು. ಕಾಲೇಜಿಗೆ ಹೋಗುವ ನನ್ನ ಮಗಳಿಗೆ ಆ ಕಷ್ಟದ ಪರಿಚಯವೇ ಇಲ್ಲ; ಬಿಎಂಟಿಸಿ ಬಸ್ಸಿನಲ್ಲಿ ಅಂಟಿಸಿರುವ ಕ್ಯೂಆರ್ ಕೋಡಿಗೆ ಫೋನ್ ಹಿಡಿದರೆ ಅವಳ ಕೆಲಸ ಮುಗಿಯಿತು. ಅವಳ ಒತ್ತಾಯದಿಂದಲೇ ನಾನೂ ಯುಪಿಐ ಲೈಟ್, ಅಂದರೆ ಸಣ್ಣ ಪಾವತಿಗಳಿಗೆಂದು ಫೋನಿನಲ್ಲಿ ಮೊದಲೇ ಹಣ ತುಂಬಿಡುವ ವ್ಯಾಲೆಟ್, ಬಳಸತೊಡಗಿದೆ.

ಭಾರತೀಯ ರಾಷ್ಟ್ರೀಯ ಪಾವತಿ ನಿಗಮವು 2022ರ ಸೆಪ್ಟೆಂಬರಿನಲ್ಲಿ ಆರಂಭಿಸಿದ ಈ ವ್ಯಾಲೆಟ್ಟಿನಲ್ಲಿ ಮೊದಲು ಒಂದು ಪಾವತಿಗೆ 200 ರೂಪಾಯಿಯ ಮಿತಿಯಿತ್ತು. ಈಗ 1,000 ರೂಪಾಯಿಯವರೆಗೆ ಪಾವತಿಸಬಹುದು, ಒಟ್ಟು 5,000 ರೂಪಾಯಿ ತುಂಬಿಡಬಹುದು. ಪಿನ್ ಒತ್ತಬೇಕಾಗಿಲ್ಲ. ಪ್ರತಿ ಪಾವತಿಗೂ ಬ್ಯಾಂಕಿನ ಸರ್ವರನ್ನು ಕಾಯಬೇಕಾಗಿಲ್ಲವಾದ್ದರಿಂದ, ತಿಂಗಳ ಮೊದಲ ವಾರದ ಒತ್ತಡದಲ್ಲೂ ಹಣ ಥಟ್ಟನೆ ಹೋಗುತ್ತದೆ. ಪಾಸ್‌ಬುಕ್ಕಿನಲ್ಲಿ ಹಣ ತುಂಬಿದ ನಮೂದು ಮಾತ್ರ ಇರುತ್ತದೆ, ಹತ್ತಾರು ಕಾಫಿ-ತಿಂಡಿಯ ಸಾಲುಗಳಲ್ಲ.

ಯುವಜನರು ಕ್ಯಾಶ್‌ಬ್ಯಾಕಿನ ಆಸೆಯಿಂದ ಇದಕ್ಕೆ ಅಂಟಿಕೊಂಡಿದ್ದಾರೆಂದು ನಾನು ಭಾವಿಸಿದ್ದೆ, ಅದು ತಪ್ಪು. ಮಗಳು ಸೋಮವಾರ 500 ರೂಪಾಯಿ ತುಂಬುತ್ತಾಳೆ, ಅದು ತೀರಿದರೆ ವಾರದ ಕೈಖರ್ಚು ತೀರಿತೆಂದೇ ಲೆಕ್ಕ. ಹಣ ಕಡಿಮೆಯಾದಾಗ ತಾನಾಗಿಯೇ ತುಂಬಿಕೊಳ್ಳುವ ಸೌಲಭ್ಯವಿದ್ದರೂ ಅವಳು ಅದನ್ನು ಬೇಕೆಂದೇ ಬಳಸುವುದಿಲ್ಲ. ನನ್ನ ದೃಷ್ಟಿಯಲ್ಲಿ ಈ ಸೇವೆಯ ನಿಜವಾದ ಬೆಲೆ ಆ ಮಿತಿಯಲ್ಲೇ ಇದೆ. 2025ರ ಜುಲೈನಲ್ಲಿ ಯುಪಿಐ ವಹಿವಾಟಿನ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಕಳಿಸಿದ ನೋಟಿಸುಗಳಿಗೆ ಹೆದರಿ ಬೆಂಗಳೂರಿನ ಹಲವು ಸಣ್ಣ ಅಂಗಡಿಗಳು ಕ್ಯೂಆರ್ ಫಲಕ ತೆಗೆದಾಗಲೂ, ಅವಳೂ ಅವಳ ಗೆಳತಿಯರೂ ಫಲಕ ಉಳಿಸಿಕೊಂಡ ಅಂಗಡಿಯನ್ನು ಹುಡುಕಿಕೊಂಡು ಹೋದರೇ ಹೊರತು ಎಟಿಎಂ ಕಡೆಗೆ ಹೋಗಲಿಲ್ಲ.

ದೋಷಗಳೂ ಇವೆ. ಪಿನ್ ಇಲ್ಲದ ಕಾರಣ, ಲಾಕ್ ತೆರೆದ ಫೋನ್ ಬೇರೆಯವರ ಕೈಗೆ ಸಿಕ್ಕರೆ ಅದರಲ್ಲಿರುವ ಹಣವೂ ಸಿಕ್ಕಂತೆಯೇ. ತುಂಬಿಟ್ಟ ಹಣಕ್ಕೆ ಬಡ್ಡಿಯಿಲ್ಲ. ನನಗೆ ಹೆಚ್ಚು ನೋವಾದದ್ದು ಫೋನ್ ಬದಲಿಸಿದಾಗ: ಲೈಟ್‌ನಲ್ಲಿ ಉಳಿದ ಹಣವನ್ನು ಮೊದಲು ಖಾತೆಗೆ ಮರಳಿಸಬೇಕೆಂದು ನಾನು ಬಳಸುವ ಆ್ಯಪ್ ಎಲ್ಲಿಯೂ ಸ್ಪಷ್ಟವಾಗಿ ಎಚ್ಚರಿಸಿರಲಿಲ್ಲ, 640 ರೂಪಾಯಿ ಹಿಂಪಡೆಯಲು ದೂರು ಕೊಟ್ಟು ಒಂಬತ್ತು ದಿನ ಕಾಯಬೇಕಾಯಿತು. ಹೊಸ ಫೋನಿನಲ್ಲೂ ಲೈಟ್ ಆರಂಭಿಸಿದ್ದೇನೆ, ಆದರೆ ಮಗಳಂತೆ 500 ರೂಪಾಯಿಗಿಂತ ಹೆಚ್ಚು ತುಂಬುವುದಿಲ್ಲ.