ಕಾರವಾರದಲ್ಲಿ ಬಿ.ಎ. ಪ್ರವೇಶ: ಯುಯುಸಿಎಂಎಸ್‌ನಲ್ಲಿ ಅರ್ಜಿ ಸಲೀಸು, ವಿಷಯದ ಆಯ್ಕೆಯಲ್ಲೇ ಪೇಚು

ಕನ್ನಡ ಮತ್ತು ಸಮಾಜ ವಿಜ್ಞಾನ ಓದಿ ಹೈಸ್ಕೂಲ್ ಶಿಕ್ಷಕರಾಗಬೇಕೆನ್ನುವವರಿಗೆ ಕಾರವಾರವಿರಲಿ, ಶಿರಸಿಯಿರಲಿ, ಬಿ.ಎ. ಅರ್ಜಿಯ ದಾರಿ ಒಂದೇ: ಯುಯುಸಿಎಂಎಸ್, ಅಂದರೆ ರಾಜ್ಯದಲ್ಲಿ ಪದವಿ ಪ್ರವೇಶಕ್ಕಿರುವ ಆನ್‌ಲೈನ್ ಪೋರ್ಟಲ್. ಅರ್ಜಿ ತುಂಬುವ ಮಟ್ಟಿಗೆ ಇದಕ್ಕೆ ಐದರಲ್ಲಿ ನಾಲ್ಕು ಅಂಕ ಕೊಡಬಹುದು. ಯಾವ ವಿಷಯ ತೆಗೆದುಕೊಂಡರೆ ಮುಂದೇನು ಎಂದು ತಿಳಿಸುವುದರಲ್ಲಿ ಮಾತ್ರ ಸೊನ್ನೆ.

ಮೊದಲು ಬೇಕಾದದ್ದು ಆಧಾರ್‌ಗೆ ಜೋಡಿಸಿದ ಮೊಬೈಲ್. ಅದು ಗೋವಾದಲ್ಲಿ ದುಡಿಯುವ ಅಪ್ಪನ ಕಿಸೆಯಲ್ಲಿದ್ದರೆ ಒಟಿಪಿ ಕೇಳುವಷ್ಟರಲ್ಲಿ ಅದರ ಅವಧಿಯೇ ಮುಗಿದಿರುತ್ತದೆ. ನಮ್ಮ ಜಿಲ್ಲೆಯ ಇನ್ನೊಂದು ತಲೆನೋವು ಅಡ್ಡಹೆಸರು. ನಾಯ್ಕ, ನಾಯಕ ಎಂಬುದರ ಇಂಗ್ಲಿಷ್ ಕಾಗುಣಿತ ಆಧಾರ್‌ನಲ್ಲಿ ಒಂದು, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಮತ್ತೊಂದು. ಅಂಕಪಟ್ಟಿ ತಿದ್ದಿಸುವುದು ದೊಡ್ಡ ರಗಳೆ. ಅದನ್ನೇ ದಾಖಲೆಯಾಗಿ ಕೊಟ್ಟು ಆಧಾರ್ ತಿದ್ದಿಸಿಕೊಳ್ಳುವುದು ಸುಲಭ. ಜಾತಿ, ಆದಾಯ ಪ್ರಮಾಣಪತ್ರಗಳ ಮೇಲಿರುವ ಆರ್‌ಡಿ ಸಂಖ್ಯೆಯನ್ನೂ ಹಾಕಬೇಕು. ಆದಾಯ ಪತ್ರ 5 ವರ್ಷ ನಡೆಯುತ್ತದೆ; ಹಳೆಯದು ಇದೆಯೇ ನೋಡಿ, ಇಲ್ಲದಿದ್ದರೆ ಪಿಯು ಪರೀಕ್ಷೆ ಮುಗಿದ ಕೂಡಲೇ ನಾಡಕಚೇರಿಗೆ ಹೋಗಿ. ಜೂನ್ ಮಳೆಯಲ್ಲಿ ಜೊಯಿಡಾ ಕಡೆಯಿಂದ ಇದಕ್ಕಾಗಿ ಓಡಾಡುವುದು ಯಾರಿಗೂ ಬೇಡ.

ಇನ್ನು ವಿಷಯದ ಆಯ್ಕೆ. 2024-25ರಿಂದ ಪದವಿ ಮತ್ತೆ 3 ವರ್ಷದ್ದಾಗಿದೆ, ಓದಲು 3 ಮುಖ್ಯ ವಿಷಯ. ಆಯಾ ಕಾಲೇಜು ಕೊಟ್ಟ ಸಂಯೋಜನೆಗಳ ಪಟ್ಟಿಯಷ್ಟೇ ತೆರೆಯಲ್ಲಿ ಕಾಣುತ್ತದೆ. ಭಾಷಾ ಪತ್ರಿಕೆಯಾಗಿ ಕನ್ನಡ ಇದೆಯಲ್ಲ ಎಂದು ಐಚ್ಛಿಕ ಕನ್ನಡ (ಮುಖ್ಯ ವಿಷಯವಾಗಿ ಓದುವ ಕನ್ನಡ) ಬಿಟ್ಟವರು ಕಡೆಗೆ ಕೈಕೈ ಹಿಸುಕಿಕೊಳ್ಳುತ್ತಾರೆ, ಕನ್ನಡ ಎಂ.ಎ.ಗಾಗಲಿ ಕನ್ನಡ ಶಿಕ್ಷಕರ ಹುದ್ದೆಗಾಗಲಿ ಲೆಕ್ಕಕ್ಕೆ ಬರುವುದು ಐಚ್ಛಿಕವೇ. ಹಾಗೆಯೇ ಐಚ್ಛಿಕ ಕನ್ನಡದ ಜೊತೆ ಸಮಾಜ ವಿಜ್ಞಾನದ ಒಂದೇ ವಿಷಯ ಇಟ್ಟುಕೊಂಡರೆ ಬಿ.ಎಡ್.ನಲ್ಲಿ ತೊಡಕು. ಐಚ್ಛಿಕ ಕನ್ನಡ, ಇತಿಹಾಸ, ರಾಜ್ಯಶಾಸ್ತ್ರ ಅಥವಾ ಭೂಗೋಳ: ಈ ಜೋಡಣೆಯೇ ಗಟ್ಟಿ. ಹತ್ತಿರದ ಕಾಲೇಜಿನಲ್ಲಿ ಇದು ಸಿಗದಿದ್ದರೆ ಬಸ್ ಪಾಸ್ ಮಾಡಿಸಿ ಅಂಕೋಲೆಗೋ ಕುಮಟೆಗೋ ಹೋಗುವುದೇ ವಾಸಿ. ಬಿ.ಎಡ್.ಗೆ ಸಾಮಾನ್ಯ ವರ್ಗದವರಿಗೆ ಪದವಿಯಲ್ಲಿ ಶೇ. 50 ಅಂಕವೂ ಬೇಕು.

ಅರ್ಜಿ ಸಲ್ಲಿಕೆಯಾಯಿತು ಎಂಬ ಸಂದೇಶ ಬಂದ ಮಾತ್ರಕ್ಕೆ ಸೀಟು ಸಿಕ್ಕಂತಲ್ಲ. ಮುದ್ರಿತ ಪ್ರತಿ, ಮೂಲ ಅಂಕಪಟ್ಟಿ, ಟಿಸಿ ಹಿಡಿದು ಕಾಲೇಜಿಗೆ ಹೋಗಿ ಪರಿಶೀಲನೆ ಮಾಡಿಸಬೇಕು. ಟಿಸಿ ಅಲ್ಲೇ ಉಳಿಯುತ್ತದೆ, ನಕಲು ಮೊದಲೇ ತೆಗೆಸಿಡಿ. ಮಾಜಾಳಿ ದಾಟಿ ಗೋವಾ ಬೋರ್ಡಿನಲ್ಲಿ ಹನ್ನೆರಡನೆಯದು ಮುಗಿಸಿದವರಿಗೆ ವಲಸೆ ಪ್ರಮಾಣಪತ್ರದ ಜೊತೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಅರ್ಹತಾ ಪತ್ರವೂ ಬೇಕು. ವಿದ್ಯಾರ್ಥಿವೇತನಕ್ಕೆ ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲ್ ಎಸ್‌ಎಸ್‌ಪಿಯಲ್ಲಿ ಬೇರೆಯೇ ಅರ್ಜಿ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗದಿದ್ದರೆ ಮಂಜೂರಾದ ಹಣವೂ ಬರುವುದಿಲ್ಲ.